ಅಪ್ಪನ ತೋಟ, ಮಗನ ಆಯ್ಕೆ

ಪಿಯುಸಿ ಫಲಿತಾಂಶ ಬಂದಿದೆ, ಮುಂದೇನು ಎಂಬ ಮಾತು ಮನೆಮನೆಯಲ್ಲೂ ಎದ್ದಿದೆ. ಈ ಸಲ ಮಲೆನಾಡಿನ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳಿದ್ದು ಒಂದನ್ನೇ: ಮಕ್ಕಳು ಹಿಡಿಯುವ ದಾರಿಯಲ್ಲಿ ಮನೆಯ ಪಾಲೆಷ್ಟು? ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮದು ಮೂರು ಎಕರೆ ಅಡಿಕೆ ತೋಟ. ಒಬ್ಬನೇ ಮಗ. ಪಿಯುಸಿ ವಿಜ್ಞಾನದಲ್ಲಿ ಒಳ್ಳೆಯ ಅಂಕ ಬಂದಿದೆ. ಇಂಜಿನಿಯರಿಂಗಿಗೆ ಹೋಗು ಅಂದರೆ "ತೋಟ ನೋಡ್ಕೊಂಡು ಇರ್ತೀನಿ" ಅಂತಾನೆ. ಅವನ ಅಪ್ಪನಿಗೆ ಸಿಟ್ಟು, ಅಜ್ಜನಿಗೆ ಖುಷಿ. ಇದು ನಿಜವಾಗಿ ಅವನ ಆಸೆಯೋ, ಬೇರೇನೂ ನೋಡದೆ ಬೆಳೆದದ್ದರ ಫಲವೋ? ತಿಳಿಯುವುದು ಹೇಗೆ?
— ಒಬ್ಬ ತಾಯಿ, ಹೊಸನಗರ ತಾಲ್ಲೂಕು

ಉತ್ತರ: ಅಮ್ಮಾ, ಆಸೆಯನ್ನೂ ಬೆಳೆದ ರೀತಿಯನ್ನೂ ಬೇರೆ ಮಾಡಿ ತೋರಿಸಲು ಯಾರಿಗೂ ಬರುವುದಿಲ್ಲ. ಆದರೆ ನಿಮ್ಮ ಮಗ ನೋಡಿ ಆರಿಸಿದನೋ ನೋಡದೆ ಆರಿಸಿದನೋ ಎಂಬುದನ್ನು ಖಂಡಿತ ತಿಳಿಯಬಹುದು, ಅದಕ್ಕೆ ದಾರಿಯಿದೆ.

ಮನೆ ಮಕ್ಕಳಿಗೆ ಕೊಡುವುದು ಒಂದು ಕೆಲಸವನ್ನಲ್ಲ, ಕೆಲಸಗಳ ಪಟ್ಟಿಯನ್ನು. ಇಂಥದ್ದು ನಮ್ಮಂಥವರು ಮಾಡುವುದು, ಇಂಥದ್ದು ನಮಗಲ್ಲ ಎಂಬ ಪಟ್ಟಿ. ಅದನ್ನು ಯಾರೂ ಕೂರಿಸಿಕೊಂಡು ಹೇಳಿರುವುದಿಲ್ಲ. ಊಟಕ್ಕೆ ಕೂತಾಗ ಯಾರ ಸುದ್ದಿ ಗೌರವದಿಂದ ಬರುತ್ತದೆ, ಯಾರ ಹೆಸರು ಬಂದರೆ ದನಿ ತಗ್ಗುತ್ತದೆ, ಮದುವೆಮನೆಯಲ್ಲಿ ಯಾರನ್ನು ಎದ್ದು ನಿಂತು ಮಾತಾಡಿಸುತ್ತಾರೆ, ಇವನ್ನೆಲ್ಲ ಮಗು ನೋಡುತ್ತಲೇ ಇರುತ್ತದೆ. ಆ ಪಟ್ಟಿಯನ್ನು ಮೊದಲು ಕಾಗದದ ಮೇಲೆ ತನ್ನಿ.

ಒಂದು ದೊಡ್ಡ ಡ್ರಾಯಿಂಗ್ ಹಾಳೆ ತೆಗೆದುಕೊಂಡು ಕಸುಬಿನ ವಂಶವೃಕ್ಷ ಬರೆಯಿರಿ. ವೃತ್ತಿ ಸಲಹೆಗಾರರು 1980ರ ದಶಕದಿಂದ ಬಳಸುತ್ತಿರುವ ಸಾಧನ ಇದು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಮೂರು ತಲೆಮಾರು ಬರಬೇಕು: ಮೇಲೆ ಅಜ್ಜ ಅಜ್ಜಿಯರು (ಎರಡೂ ಕಡೆಯವರು), ನಡುವೆ ನೀವು, ನಿಮ್ಮ ಯಜಮಾನರು, ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ, ಸೋದರಮಾವ, ಚಿಕ್ಕಮ್ಮ, ಕೆಳಗೆ ಮಗ ಮತ್ತು ಅವನ ಓರಗೆಯವರು. ಪ್ರತಿಯೊಬ್ಬರ ಕೆಳಗೂ ನಾಲ್ಕು ಸಂಗತಿ: ಏನು ಕೆಲಸ, ಯಾವ ವಯಸ್ಸಿಗೆ ಹಿಡಿದರು, ಯಾಕೆ ಹಿಡಿದರು, ಏನಾಗಬೇಕೆಂದಿದ್ದರು. ಕೆಲಸ ಬಿಟ್ಟವರಿದ್ದರೆ ಕೆಂಪು ಶಾಯಿಯಲ್ಲಿ ಕಾರಣ ಬರೆಯಿರಿ. ಹೆಂಗಸರ ಕೆಳಗೆ ಬರೀ "ಮನೆ" ಎಂದು ಬರೆದು ಮುಗಿಸಬೇಡಿ. ಅಡಿಕೆ ಸುಲಿದವರು, ಡೈರಿಗೆ ಹಾಲು ಹಾಕಿದವರು, ಕೂಲಿ ಲೆಕ್ಕ ಬರೆದವರು ಯಾರು? ಅದೂ ಬರಲಿ.

ಒಂದೊಂದು ಗಂಟೆಯ ಎರಡು ಸಲದ ಕೂಟ ಸಾಕು. ನಡುವೆ ಒಂದು ವಾರ ಬಿಟ್ಟರೆ ಗೊತ್ತಿಲ್ಲದ್ದನ್ನು ಹಿರಿಯರಿಗೆ ಫೋನ್ ಮಾಡಿ ಕೇಳಬಹುದು. ಇದು ಕೆಡುವುದು ಸಾಮಾನ್ಯವಾಗಿ ಮೂರು ಕಾರಣಕ್ಕೆ. ಪೆನ್ನು ಅಪ್ಪನ ಕೈಯಲ್ಲೇ ಇದ್ದರೆ ಗೆದ್ದವರ ಹೆಸರು ಮಾತ್ರ ಉಳಿಯುತ್ತದೆ, ಆದ್ದರಿಂದ ಪೆನ್ನು ಮಗನಿಗೆ ಕೊಡಿ. ಸೋದರಮಾವನ ಅಂಗಡಿ ಮುಚ್ಚಿದ್ದು, ಚಿಕ್ಕಪ್ಪ ಪೇಟೆಯಿಂದ ವಾಪಸ್ ಬಂದದ್ದು ಇಂಥವನ್ನು ಮುಚ್ಚಿಟ್ಟರೆ ಮನೆಯ ಭಯದ ಮೂಲವೇ ಹಾಳೆಯಲ್ಲಿ ಇರುವುದಿಲ್ಲ. ಇನ್ನು ಫಲಿತಾಂಶ ಬಂದ ದಿನವೇ ಕೂತರೆ ಅದು ಜಗಳದಲ್ಲಿ ಮುಗಿಯುತ್ತದೆ.

ಹಾಳೆ ತುಂಬಿದ ಮೇಲೆ ನಿಮ್ಮ ಯಜಮಾನರ ಕೆಳಗಿನ "ಏನಾಗಬೇಕೆಂದಿದ್ದರು" ಎಂಬ ಸಾಲು ನೋಡಿ. ತನಗೆ ಓದಲಾಗಲಿಲ್ಲ ಎಂಬ ನೋವು ಅಲ್ಲಿ ಇದ್ದರೆ ಮಗನ ಮೇಲಿನ ಸಿಟ್ಟು ಪೂರ್ತಿ ಮಗನ ಮೇಲಿನದಲ್ಲ. ಅವರ ಭಯಗಳಲ್ಲಿ ನಿಜವಾದವೂ ಇವೆ: ಮಂಡಿ (ಅಡಿಕೆ ಮಾರುಕಟ್ಟೆ) ಧಾರಣೆಯ ಏರಿಳಿತ, ಮರಕ್ಕೆ ಬರುವ ಕೊಳೆರೋಗ, ಎಲೆಚುಕ್ಕೆ ರೋಗ, ತೋಟದಲ್ಲಿರುವ ಹುಡುಗನಿಗೆ ಹೆಣ್ಣು ಸಿಗುವುದು ಕಷ್ಟವಾಗಿರುವುದು. ಅವನ್ನು ಬೇರೆಯಾಗಿ ಬರೆದು, ಒಂದೊಂದಕ್ಕೂ ಮಗನ ಉತ್ತರ ಏನೆಂದು ಕೇಳಿ.

ಆಮೇಲೆ ಮಗನಿಗೆ ಹತ್ತು ಕೆಲಸಗಳನ್ನು ಬರೆಯಲು ಹೇಳಿ. ಹೆಸರು ಬರೆದರೆ ಸಾಲದು. ಅದರಲ್ಲಿರುವವರು ಬೆಳಗ್ಗೆಯಿಂದ ಸಂಜೆವರೆಗೆ ಏನು ಮಾಡುತ್ತಾರೆ, ಸೇರುವುದು ಹೇಗೆ, ಮೊದಲ ಮೂರು ವರ್ಷ ಎಷ್ಟು ಸಿಗುತ್ತದೆ ಎಂದು ಹೇಳಲು ಬರಬೇಕು. ಹತ್ತರಲ್ಲಿ ಏಳೆಂಟು ವಂಶವೃಕ್ಷದಲ್ಲಿ ಇರುವವೇ ಆಗಿದ್ದರೆ ಅವನು ಇನ್ನೂ ನೋಡಿಲ್ಲ. ಆಗ ಹಾಳೆಯಲ್ಲಿ ಇಲ್ಲದ ಮೂರು ಕೆಲಸ ಆರಿಸಿ, ಒಂದೊಂದರಲ್ಲೂ ಎರಡು ಮೂರು ದಿನ ಆ ಕೆಲಸದವರ ಜೊತೆ ಇಡೀ ಹೊತ್ತು ಇದ್ದು ಬರಲಿ.

ತೋಟದ ಆಸೆಗೂ ಪರೀಕ್ಷೆ ಬೇಕು. ಅಪ್ಪನ ಹಿಂದೆ ತೋಟ ಸುತ್ತುವುದೇ ಬೇರೆ, ತೋಟ ನಡೆಸುವುದೇ ಬೇರೆ. 9 ಅಡಿ ಅಂತರದ ತೋಟವಾದರೆ ಎಕರೆಗೆ ಸುಮಾರು 540 ಮರ. ಅದರಲ್ಲಿ ಕಾಲು ಎಕರೆ, ಅಂದರೆ 135 ಮರ, ಒಂದು ವರ್ಷ ಅವನ ಹೊಣೆಗೆ ಬಿಡಿ. ಮುಂಗಾರಿಗೆ ಮುಂಚೆ ಕೊಳೆರೋಗಕ್ಕೆ ಔಷಧಿ (ಬೋರ್ಡೋ ದ್ರಾವಣ) ಹೊಡೆಸುವುದರಿಂದ ಶುರುವಾಗಲಿ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಟ್ಟ ಸುಣ್ಣ: ತುತ್ತವನ್ನು 50 ಲೀಟರಿನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು. ಕಬ್ಬಿಣದ ಪಾತ್ರೆ ಬೇಡ. ಹೊಳೆಯುವ ಚಾಕುವನ್ನು ಅದ್ದಿದಾಗ ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತದೆ. ಮಾಡಿದ ದಿನವೇ ಮುಗಿಸಬೇಕು, 40–45 ದಿನಕ್ಕೆ ಇನ್ನೊಂದು ಸುತ್ತು ಬೇಕು. ಎಲ್ಲರಿಗೂ ಗೊತ್ತಿರುವ ಈ ಕೆಲಸವನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಮಗ ಚಾಕು ಅದ್ದಿ ನೋಡುತ್ತಾನೋ, "ಸಾಕು ಬಿಡು, ಹೊಡೀರಿ" ಅನ್ನುತ್ತಾನೋ? ಎರಡನೇ ಸುತ್ತಿನ ದಿನವನ್ನು ತಾನೇ ಬರೆದಿಟ್ಟುಕೊಂಡಿದ್ದಾನೋ, ನೀವು ನೆನಪಿಸಬೇಕೋ? ಆಸೆಯ ಆಳ ಗೊತ್ತಾಗುವುದು ಇಂಥ ಕಡೆ. ಬೇಸಗೆಯ ಸಂಜೆ ತೋಟದ ತಂಪಿನಲ್ಲಿ ಕೂತಾಗ ಯಾರಿಗಾದರೂ ತೋಟ ಪ್ರೀತಿಯೇ.

ಲೆಕ್ಕದ ಪುಸ್ತಕ ಅವನದೇ ಇರಲಿ: ತುತ್ತ, ಸುಣ್ಣ, ಗೊಬ್ಬರ, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರನ ಸಂಬಳ, ಸುಲಿತದ ಕೂಲಿ, ಬೇಯಿಸಿ ಒಣಗಿಸಿದ ಖರ್ಚು, ಜೊತೆಗೆ ತಾನು ದುಡಿದ ದಿನಗಳಿಗೂ ಊರಿನ ಕೂಲಿ ದರ. ಈ ಪ್ರಯೋಗ ಹಾಳಾಗುವುದು ಸಾಮಾನ್ಯವಾಗಿ ಅಪ್ಪ ಜೇಬಿನಿಂದ ಕೊಟ್ಟು "ಅದನ್ನೇನು ಬರೀತೀಯ" ಅಂದಾಗ. ಆಗ ತೋಟ ಲಾಭದ್ದು ಎಂಬ ಸುಳ್ಳು ನಂಬಿಕೆ ಮಗನಲ್ಲಿ ಉಳಿಯುತ್ತದೆ. ಮಂಡಿಗೆ ಅವನೇ ಹೋಗಲಿ. ಹಸ, ಬೆಟ್ಟೆ, ರಾಶಿ, ಗೊರಬಲು ಎಂಬ ಅಡಿಕೆಯ ತರಗಳ ಧಾರಣೆಯ ವ್ಯತ್ಯಾಸ ಕಣ್ಣಾರೆ ನೋಡಲಿ.

ಓದು ಬಿಡಬೇಕು ಎಂದು ಇದರರ್ಥವಲ್ಲ. ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ 4 ವರ್ಷದ ಬಿಎಸ್ಸಿ ಪದವಿಗಳಿವೆ. ಪ್ರವೇಶ ಸಿಇಟಿ ಮೂಲಕ. ಕೃಷಿಕರ ಮಕ್ಕಳಿಗೆ ಮೀಸಲಾದ ಸೀಟಿಗೆ ಬೇರೆಯಾಗಿ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಆ ಮೀಸಲಾತಿಯನ್ನು ಅರ್ಜಿಯಲ್ಲೇ ಕೇಳಿರಬೇಕು, ಆಮೇಲೆ ಕೇಳಿದರೆ ತಡವಾಗುತ್ತದೆ. ತೋಟಕ್ಕೇ ಬರುವ ಹುಡುಗನಿಗೂ ಈ ನಾಲ್ಕು ವರ್ಷ ನಷ್ಟವಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪ್ರಶ್ನೆ: ಬಿ.ಇಡಿ. ಓದುತ್ತಿದ್ದೇನೆ. ತಾಯ್ತಂದೆಯರ ಪ್ರೀತಿ ಸಿಕ್ಕ ಮಕ್ಕಳು ಜನರೊಡನೆ ಬೆರೆಯುವ ವೃತ್ತಿಗೆ, ಸಿಗದವರು ಯಂತ್ರ, ವಿಜ್ಞಾನದ ವೃತ್ತಿಗೆ ಹೋಗುತ್ತಾರೆ ಎಂಬ ಆನ್ ರೋ ಸಿದ್ಧಾಂತವನ್ನು ಓದಿದೆ. ಇದು ನಿಜವೇ? ನಮ್ಮ ಅಪ್ಪ ಮಾತೇ ಆಡದವರು, ನಾನು ಆರಿಸಿದ್ದು ಮೇಷ್ಟ್ರ ಕೆಲಸ.
— ಶಿವಮೊಗ್ಗ

ಉತ್ತರ: ನೀವು ಓದಿದ್ದು ಸಿದ್ಧಾಂತ, ಸಾಬೀತಾದ ಸಂಗತಿಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಆನ್ ರೋ ಅದನ್ನು ಮಂಡಿಸಿದ್ದು 1957ರಲ್ಲಿ. ಹೆಸರಾಂತ ವಿಜ್ಞಾನಿಗಳ ಬಾಲ್ಯವನ್ನು ವಿಚಾರಿಸಿ ನೋಡಿದ್ದೇ ಅದಕ್ಕೆ ಪ್ರೇರಣೆ. ಮನೆಗಳನ್ನು ಅವರು ಮೂರಾಗಿ ವಿಂಗಡಿಸಿದರು: ಮಗುವಿನ ಸುತ್ತಲೇ ಸುತ್ತುವ ಮನೆ, ಮಗುವನ್ನು ದೂರ ಇಡುವ ಮನೆ, ಮಗುವನ್ನು ಇದ್ದಂತೆ ಒಪ್ಪಿಕೊಳ್ಳುವ ಮನೆ. ಆಮೇಲೆ ಹಲವರು ಪರೀಕ್ಷಿಸಿ ನೋಡಿದಾಗ ಬಾಲ್ಯದ ಅಕ್ಕರೆಗೂ ದೊಡ್ಡವರಾದ ಮೇಲಿನ ವೃತ್ತಿಗೂ ಹೇಳಿಕೊಳ್ಳುವಂಥ ನೇರ ನಂಟು ಸಿಗಲಿಲ್ಲ. ಸಿಗದಿರಲು ಕಾರಣಗಳಿವೆ. ಒಂದೇ ಮನೆಯಲ್ಲಿ ಅಪ್ಪ ಅಮ್ಮನ ರೀತಿ ಬೇರೆ, ಇಬ್ಬರು ಮಕ್ಕಳೊಡನೆ ನಡೆದುಕೊಳ್ಳುವುದು ಬೇರೆ. ಬಾಲ್ಯವನ್ನು ನೆನಪಿನಿಂದ ಹೇಳಿಸಿದರೆ ನೆನಪು ಈಗಿನ ಬದುಕಿಗೆ ತಕ್ಕಂತೆ ಬಾಗುತ್ತದೆ. ಮೇಲಾಗಿ ಒಂದೇ ವೃತ್ತಿಯಲ್ಲೂ ಎರಡೂ ಬಗೆಯ ಜನಕ್ಕೆ ಜಾಗವಿರುತ್ತದೆ. ನಿಮ್ಮ ಮೇಷ್ಟ್ರ ಕೆಲಸದಲ್ಲೇ ನೋಡಿ: ತರಗತಿಯಲ್ಲಿ ಮಾತಿನಿಂದ ಗೆಲ್ಲುವವರೂ ಇದ್ದಾರೆ, ಪ್ರಯೋಗಾಲಯದಲ್ಲಿ ಮೌನವಾಗಿ ಕಲಿಸಿ ಗೆಲ್ಲುವವರೂ ಇದ್ದಾರೆ.

ಆದರೂ ಆನ್ ರೋ ಎತ್ತಿದ ಪ್ರಶ್ನೆ ಸತ್ತಿಲ್ಲ. ಸ್ವೀಡನ್ನಿನಲ್ಲಿ ದತ್ತು ಮಕ್ಕಳನ್ನು ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನ ಗಮನಿಸಿ. ಸ್ವಂತ ಉದ್ಯಮ ನಡೆಸುವ ತಂದೆತಾಯಿ ಇದ್ದರೆ ಮಕ್ಕಳೂ ಉದ್ಯಮಕ್ಕೆ ಇಳಿಯುವ ಸಾಧ್ಯತೆ ಸುಮಾರು ಶೇ. 60 ಹೆಚ್ಚು. ಹೆತ್ತವರ ಪ್ರಭಾವ, ಸಾಕಿದವರ ಪ್ರಭಾವ ಎರಡೂ ಕಂಡವು. ಸಾಕಿದವರದ್ದು ಹೆತ್ತವರದ್ದರ ಎರಡರಷ್ಟು. ಅಂದರೆ ಮನೆಯ ಪ್ರಭಾವ ಇರುವುದು ನಿಜ. ಪ್ರಭಾವದ ಬಗೆ ಮಾತ್ರ ಆನ್ ರೋ ಊಹಿಸಿದ್ದಲ್ಲ. ಅಕ್ಕರೆಯ ಅಳತೆಗಿಂತ ಕಣ್ಣೆದುರು ನಡೆಯುವ ಕೆಲಸವೇ ಮಗುವಿಗೆ ಹೆಚ್ಚು ಕಲಿಸುತ್ತದೆ. ಶಿವಮೊಗ್ಗದ ಪಕ್ಕದ ಹೊಸಹಳ್ಳಿಯಲ್ಲಿ ಕಾವ್ಯವನ್ನು ರಾಗವಾಗಿ ಓದುವ ಗಮಕ ಕಲೆ ಉಳಿದಿರುವುದು ಅದಕ್ಕೇ: ಅಲ್ಲಿನ ಮಗುವಿನ ಕಿವಿಗೆ ಷಟ್ಪದಿಯ ನಡೆ ಬೀಳುವುದು ಶಾಲೆಗೆ ಸೇರುವ ಮುಂಚೆ. ನಿಮ್ಮ ತಂದೆ ಮಾತಾಡದಿದ್ದರೂ ಏನು ಮಾಡುತ್ತಿದ್ದರು, ಹೇಗೆ ಮಾಡುತ್ತಿದ್ದರು ಎಂದು ಹುಡುಕಿ. ನಿಮ್ಮ ಪ್ರಶ್ನೆಗೆ ಹೆಚ್ಚು ಉಪಯೋಗದ ಉತ್ತರ ಅಲ್ಲಿದೆ.

ಪ್ರಶ್ನೆ: ಇಬ್ಬರೂ ಹೆಣ್ಣುಮಕ್ಕಳು. ಚಿಕ್ಕವಳು ಬಿಕಾಂ ಮುಗಿಸಿ ತೋಟ ತಾನೇ ನೋಡಿಕೊಳ್ಳುತ್ತೇನೆ ಎನ್ನುತ್ತಾಳೆ. ನನಗೆ ಮನಸ್ಸಿದೆ. ನೆಂಟರು "ಹೆಣ್ಣುಮಗು ಮರ ಹತ್ತುತ್ತಾ?" ಅಂತಾರೆ.
— ಒಬ್ಬ ಕೃಷಿಕ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಕೇಳಿದವರು ತಮ್ಮ ತೋಟದ ಮರ ತಾವೇ ಹತ್ತುತ್ತಾರೆಯೇ? ಬಹುಪಾಲು ತೋಟಗಳಲ್ಲಿ ಹತ್ತುವವನು ಕೊನೆಗಾರ. ಯಜಮಾನನ ಕೆಲಸ ಕೊನೆಗಾರನನ್ನು ಹೊತ್ತಿಗೆ ಕರೆಸುವುದು, ಬಲಿತ ಕೊನೆ ಯಾವುದೆಂದು ಹೇಳುವುದು, ನೀರು, ಗೊಬ್ಬರ, ಲೆಕ್ಕ, ಮಾರಾಟ. ಬಿಕಾಂ ಓದಿದ ಮಗಳಿಗೆ ಇದರಲ್ಲಿ ಬಾರದ್ದು ಯಾವುದು? ಈಗ ಕಾರ್ಬನ್ ಫೈಬರಿನ ಉದ್ದ ಕೋಲು, ದೋಟಿ, ಬಂದಿದೆ, ನೆಲದ ಮೇಲೆ ನಿಂತೇ ಕೊನೆ ಇಳಿಸಬಹುದು, ಔಷಧಿ ಹೊಡೆಯಬಹುದು. ಒಂದೇ ಎಚ್ಚರ: ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುತ್ತದೆ. ಕರೆಂಟಿನ ತಂತಿ ಹಾದುಹೋದ ಕಡೆ ದೋಟಿ ಎತ್ತಲೇಬಾರದು.

ನೆಂಟರ ಮಾತು ಬಂದದ್ದು ಎಲ್ಲಿಂದ ಎಂಬುದಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಗಾಟ್‌ಫ್ರೆಡ್ಸನ್ 1981ರಲ್ಲಿ ಕೊಟ್ಟ ವಿವರಣೆ ನಮಗೆ ತುಂಬ ಒಪ್ಪಿಗೆಯಾಗುತ್ತದೆ. ಮೂರರಿಂದ ಐದರ ವಯಸ್ಸಿಗೆ ಮಕ್ಕಳಿಗೆ ಕೆಲಸ ಎಂದರೆ ದೊಡ್ಡವರದ್ದು ಎಂದಷ್ಟೇ ಗೊತ್ತು. ಆರರಿಂದ ಎಂಟಕ್ಕೆ ಇದು ಗಂಡಸರದ್ದು, ಇದು ಹೆಂಗಸರದ್ದು ಎಂಬ ಗೆರೆ ಬೀಳುತ್ತದೆ. ಒಂಬತ್ತರಿಂದ ಹದಿಮೂರಕ್ಕೆ ಯಾವುದಕ್ಕೆ ಮರ್ಯಾದೆ, ಯಾವುದಕ್ಕಿಲ್ಲ ಎಂಬ ಗೆರೆ. ತನಗೆ ಏನು ಇಷ್ಟ ಎಂದು ಮಗು ಯೋಚಿಸಲು ತೊಡಗುವುದು ಹದಿನಾಲ್ಕರ ಮೇಲೆ. ಅಷ್ಟರಲ್ಲಿ ಕೆಲಸಗಳ ಪಟ್ಟಿಯ ಬಹುಪಾಲು ಅಳಿಸಿಹೋಗಿರುತ್ತದೆ, ಅಳಿಸಿದ್ದು ಯಾರಿಗೂ ನೆನಪೂ ಇರುವುದಿಲ್ಲ. ನಿಮ್ಮ ಮಗಳಲ್ಲಿ ಈ ಆಸೆ ಉಳಿದಿದೆ ಎಂದರೆ ಎಳವೆಯಲ್ಲಿ ನೀವು ಅವಳನ್ನು ತೋಟಕ್ಕೆ ಕರೆದೊಯ್ದದ್ದು, ಲೆಕ್ಕ ಬರೆಸಿದ್ದು ಏನೋ ಇರಬೇಕು. ಅದಕ್ಕಾಗಿ ನಿಮ್ಮನ್ನು ಅಭಿನಂದಿಸುತ್ತೇವೆ.

ಕಾಗದಪತ್ರ ಈಗಲೇ ಸರಿ ಮಾಡಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಹೇಳಿದೆ. ಸುಪ್ರೀಂ ಕೋರ್ಟ್ 2020ರಲ್ಲಿ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿದೆ. ಹಾಗೆಂದು ಸುಮ್ಮನಿದ್ದರೆ ದುಡಿಯುವವಳು ಒಬ್ಬಳು, ಪಾಲು ಇಬ್ಬರಿಗೆ ಎಂಬ ಕಹಿ ಮುಂದೆ ಅಕ್ಕತಂಗಿಯರ ನಡುವೆ ಹುಟ್ಟುತ್ತದೆ. ಇಬ್ಬರನ್ನೂ ಕೂರಿಸಿ ಮಾತಾಡಿ, ವಿಭಾಗಪತ್ರವನ್ನೋ ದಾನಪತ್ರವನ್ನೋ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ, ಪಹಣಿಯಲ್ಲಿ ಹೆಸರು ಬಂತೇ ಎಂದು ನೋಡಿ. ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಸೊಸೈಟಿಯ ಬೆಳೆಸಾಲ, ಬೆಳೆವಿಮೆ ಎಲ್ಲದಕ್ಕೂ ಅವಳು ನಿಮ್ಮ ಸಹಿಗೆ ಕಾಯಬೇಕಾಗುತ್ತದೆ. ಮದುವೆಯಾಗಿ ಬೇರೆ ಊರಿಗೆ ಹೋದರೆ ಏನು ಎಂಬುದನ್ನೂ ಈಗಲೇ ಅವಳ ಬಾಯಿಂದಲೇ ಕೇಳಿ.

ಪ್ರಶ್ನೆ: ತಾತ ಕಬ್ಬಿಣದ ಕಾರ್ಖಾನೆಯಲ್ಲಿದ್ದರು, ಅಪ್ಪ ಪೇಪರ್ ಮಿಲ್ಲಿನಲ್ಲಿ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದೇನೆ. ಸ್ವಂತ ವರ್ಕ್‌ಶಾಪ್ ಇಡುವ ಆಸೆ. ಮನೆಯಲ್ಲಿ "ಕಾಯಂ ಕೆಲಸ ನೋಡು" ಎನ್ನುತ್ತಾರೆ. ನನಗೂ ಒಳಗೊಳಗೇ ಭಯ.
— ಭದ್ರಾವತಿ

ಉತ್ತರ: ನಿಮ್ಮ ಊರಿನ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದ್ದು 1923ರಲ್ಲಿ, ಕಾಗದದ ಕಾರ್ಖಾನೆ ಸ್ಥಾಪನೆಯಾದದ್ದು 1936ರಲ್ಲಿ. ತಲೆಮಾರುಗಳು ಸೈರನ್ನಿಗೆ ಎದ್ದು, ಪಾಳಿಗೆ ಹೋಗಿ, ಕ್ವಾರ್ಟರ್ಸಿನಲ್ಲಿ ಮಕ್ಕಳನ್ನು ಬೆಳೆಸಿದ ಊರು ಅದು. ಅಪ್ಪನ ಕೆಲಸದ ಸ್ವರೂಪ ಮನೆಯ ಪಾಠವಾಗುತ್ತದೆ ಎಂದು ಸಮಾಜಶಾಸ್ತ್ರಜ್ಞ ಮೆಲ್ವಿನ್ ಕೋನ್ 1969ರಲ್ಲೇ ತೋರಿಸಿದ್ದಾರೆ: ಮೇಲಿನವರ ಕಣ್ಗಾವಲಿನಲ್ಲಿ ದುಡಿಯುವವರು ಮಕ್ಕಳಿಗೆ ವಿಧೇಯತೆ, ಅಚ್ಚುಕಟ್ಟು ಕಲಿಸುತ್ತಾರೆ, ತಮ್ಮ ಕೆಲಸವನ್ನು ತಾವೇ ನಿರ್ಧರಿಸುವವರು ಸ್ವಂತ ಯೋಚನೆಯನ್ನು. ನಿಮಗೆ ಬಂದಿರುವ ಬಳುವಳಿಯಲ್ಲಿ ಸಮಯಪಾಲನೆ, ಅಳತೆಯ ಶಿಸ್ತು, ಸುರಕ್ಷತೆಯ ಎಚ್ಚರ ಇವೆ. ವರ್ಕ್‌ಶಾಪಿಗೆ ಇವು ಬಂಡವಾಳ. ದರ ಹೇಳುವುದು, ಬಾಕಿ ವಸೂಲು ಮಾಡುವುದು, ಕೆಲಸವಿಲ್ಲದ ತಿಂಗಳನ್ನು ತಾಳುವುದು ಮನೆಯಲ್ಲಿ ಯಾರೂ ಮಾಡಿದ್ದನ್ನು ನೀವು ನೋಡಿಲ್ಲ. ಭಯ ಅಲ್ಲಿಂದ ಬಂದದ್ದು. ಅದು ಹೇಡಿತನವಲ್ಲ, ಕಲಿಯದೇ ಉಳಿದ ಪಾಠ.

ಆದ್ದರಿಂದ ಅದನ್ನು ಕಲಿಯಿರಿ. ಒಂದು ವರ್ಷ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಕಡೆ ಯಾವುದಾದರೂ ಚಿಕ್ಕ ಘಟಕದಲ್ಲಿ ಕೆಲಸಕ್ಕೆ ಸೇರಿ. ದೊಡ್ಡ ಕಂಪನಿ ಬೇಡ, ಮಾಲೀಕನೇ ಗಿರಾಕಿಯೊಡನೆ ಮಾತಾಡುವಂಥದ್ದು ಇರಲಿ. ಸಂಬಳ ಕಡಿಮೆಯಾದರೂ ಕೊಟೇಶನ್, ಬಿಲ್ಲು, ಬಾಕಿ ಪುಸ್ತಕ ನೋಡಲು ಬಿಡುವವರಾಗಿರಬೇಕು. ಮನೆಯ ಆರು ತಿಂಗಳ ಖರ್ಚು ಕೂಡಿಟ್ಟ ಮೇಲೆಯೇ ಸ್ವಂತದ್ದಕ್ಕೆ ಕೈಹಾಕಿ. ಮಲೆನಾಡಿನಲ್ಲಿ ರಿಪೇರಿಯ ಸುಗ್ಗಿ ತೋಟದ ಸುಗ್ಗಿಯ ಹಿಂದೆಯೇ ಬರುತ್ತದೆ: ಮೇ ತಿಂಗಳಿಂದ ಮಳೆಗಾಲದುದ್ದಕ್ಕೂ ಔಷಧಿ ಹೊಡೆಯುವ ಪಂಪು, ಮಳೆ ಬಿಡುವಾಗ ಕಳೆ ಕೊಚ್ಚುವ ಯಂತ್ರ, ಕೊಯ್ಲಿನ ತಿಂಗಳುಗಳಲ್ಲಿ ಅಡಿಕೆ ಸುಲಿಯುವ ಯಂತ್ರ. ಸುಗ್ಗಿಯಲ್ಲಿ ಯಂತ್ರ ನಿಂತರೆ ರೈತ ಮರುದಿನದವರೆಗೂ ಕಾಯಲಾರ. ಬಿಡಿಭಾಗ ಮೊದಲೇ ತಂದಿಟ್ಟವನ ಹತ್ತಿರ ಗಿರಾಕಿ ನಿಲ್ಲುತ್ತಾರೆ. ಹೊಸಬರು ಸೋಲುವುದು ಹೆಚ್ಚಾಗಿ ಕೈಚಳಕ ಸಾಲದೆ ಅಲ್ಲ, ಗುರುತಿನವರಿಗೆ ಸಾಲ ಕೊಟ್ಟು ಬಿಡಿಭಾಗ ತರಲು ಕಾಸಿಲ್ಲದೆ. ಮೊದಲ ದಿನವೇ ಬಿಡಿಭಾಗದ ಹಣ ಮುಂಗಡ, ಕೂಲಿ ಆಮೇಲೆ ಎಂದು ಬೋರ್ಡು ಬರೆದು ಹಾಕಿ.

ಮನೆಯವರ ಸಮಾಧಾನಕ್ಕೆ ಇನ್ನೊಂದು ಬಾಗಿಲನ್ನೂ ತೆರೆದಿಡಬಹುದು. ಡಿಪ್ಲೊಮಾ ಆದವರಿಗೆ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ನೇರ ಎರಡನೇ ವರ್ಷದ ಬಿಇಗೆ ಸೇರುವ ಅವಕಾಶವಿದೆ.

ಪ್ರಶ್ನೆ: ಹಿರಿಯ ಮಗ ಜವಾಬ್ದಾರಿಯ ಕೆಲಸಕ್ಕೆ, ಕಿರಿಯವನು ಧೈರ್ಯದ ಕೆಲಸಕ್ಕೆ ಸರಿ ಎಂದು ಒಬ್ಬ ಸಲಹೆಗಾರರು ಹೇಳಿದರು. ಹುಟ್ಟಿದ ಕ್ರಮ ಅಷ್ಟು ಮುಖ್ಯವೇ?
— ಶಿಕಾರಿಪುರ

ಉತ್ತರ: ಇಲ್ಲ. ಅಮೆರಿಕ, ಬ್ರಿಟನ್, ಜರ್ಮನಿಯ ಸುಮಾರು 20 ಸಾವಿರ ಜನರ ಮಾಹಿತಿ ಇಟ್ಟುಕೊಂಡು 2015ರಲ್ಲಿ ನಡೆದ ಅಧ್ಯಯನದಲ್ಲಿ ಹುಟ್ಟಿದ ಕ್ರಮಕ್ಕೂ ಜವಾಬ್ದಾರಿ, ಬೆರೆಯುವಿಕೆಯಂಥ ಗುಣಗಳಿಗೂ ನಂಟು ಕಾಣಲಿಲ್ಲ. ಹಿರಿಯನಿಗೆ ಜವಾಬ್ದಾರಿ ಬರುವುದು ನಾವು ಹೊರಿಸುವುದರಿಂದ. ಇಬ್ಬರಿಗೂ ಸರದಿಯಲ್ಲಿ ಒಂದೊಂದು ತಿಂಗಳು ಮನೆಯ ಖರ್ಚಿನ ಲೆಕ್ಕ ಕೊಟ್ಟು ನೋಡಿ.

ಪ್ರಶ್ನೆ: ನಾವಿಬ್ಬರೂ ಶಿಕ್ಷಕರು. ಮಗಳು ಪದವಿ ಮುಗಿಸಿ ಹೆಗ್ಗೋಡಿನಲ್ಲಿ ನಾಟಕ ಕಲಿಯುತ್ತೇನೆ ಎನ್ನುತ್ತಾಳೆ. ನಮ್ಮ ಎರಡೂ ಮನೆಯಲ್ಲಿ ಕಲಾವಿದರೇ ಇಲ್ಲ. ಇದು ಎಲ್ಲಿಂದ ಬಂತೋ ತಿಳಿಯದು.
— ಸಾಗರ

ಉತ್ತರ: ನಿಮ್ಮಿಂದಲೇ ಬಂದಿರಬಹುದು. ನಲವತ್ತು ಜನರ ಎದುರು ನಿಂತು, ದನಿ ಏರಿಸಿ ಇಳಿಸಿ, ಪಾಠವನ್ನು ಕಣ್ಣಿಗೆ ಕಟ್ಟಿಸುವವರು ನೀವು. ಆಸಕ್ತಿಗಳನ್ನು ಆರು ಬಗೆಯಾಗಿ ವಿಂಗಡಿಸಿದ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ ಅವರ ಷಟ್ಕೋನದಲ್ಲಿ ಜನಸಂಪರ್ಕದ ಒಲವೂ ಕಲೆಯ ಒಲವೂ ಅಕ್ಕಪಕ್ಕದ ಮೂಲೆಗಳು. ಮಗಳು ಹೋಗುತ್ತಿರುವುದು ಪಕ್ಕದ ಕೋಣೆಗೆ. ಹೆಗ್ಗೋಡೂ ಅದನ್ನೇ ಹೇಳುತ್ತದೆ. 1949ರಲ್ಲಿ ಅಲ್ಲಿ ನೀನಾಸಂ ಎಂಬ ನಾಟಕ ಸಂಸ್ಥೆ ಹುಟ್ಟುಹಾಕಿದ ಕೆ.ವಿ. ಸುಬ್ಬಣ್ಣ ಅಡಿಕೆ ಬೆಳೆಗಾರರು, 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಮೇಲೂ ಅದೇ ಊರಿನಲ್ಲಿ ಉಳಿದವರು.

ಅಲ್ಲಿನ ರಂಗಶಿಕ್ಷಣ ಕೇಂದ್ರ 1980ರಲ್ಲಿ ಶುರುವಾದದ್ದು. ತರಬೇತಿ ಅಲ್ಲೇ ಇದ್ದುಕೊಂಡು ಕಲಿಯುವಂಥದ್ದು. ಸೇರುವ ಮುಂಚೆ ಮಗಳು ಯಾವುದಾದರೂ ತಂಡದಲ್ಲಿ ಒಂದು ನಾಟಕಕ್ಕೆ ಮೊದಲ ಓದಿನಿಂದ ಕೊನೆಯ ಪ್ರದರ್ಶನದವರೆಗೆ ದುಡಿಯಲಿ, ಪಾತ್ರ ಸಿಗದಿದ್ದರೂ ಪರವಾಗಿಲ್ಲ. ಬೆಳಕು, ವೇಷಭೂಷಣ, ರಂಗಪರಿಕರ ಹೊತ್ತು ಇಳಿಸುವುದು, ಪ್ರದರ್ಶನ ಮುಗಿದ ಮೇಲೆ ರಾತ್ರಿ ಸಾಮಾನು ಕಟ್ಟುವುದು ಎಲ್ಲದರಲ್ಲೂ ಇರಲಿ. ಚಪ್ಪಾಳೆಗೆ ಮನಸೋತವರು ಮೂರನೇ ವಾರಕ್ಕೆ ತಾಲೀಮು ತಪ್ಪಿಸುತ್ತಾರೆ. ಕೆಲಸಕ್ಕೆ ಮನಸೋತವರು ಬೇಗ ಬಂದು ನೆಲ ಗುಡಿಸಿರುತ್ತಾರೆ. ಕಲಿತ ಮೇಲೆ ನಟನೆಯೊಂದೇ ದಾರಿಯಲ್ಲ. ಶಾಲೆಗಳಲ್ಲಿ ಮಕ್ಕಳಿಗೆ ನಾಟಕ ಕಲಿಸುವುದು, ಶಿಬಿರ ನಡೆಸುವುದು, ಬೆಳಕಿನ ವಿನ್ಯಾಸ ಇವೆಲ್ಲ ಇವೆ. ವರಮಾನ ಮೊದಲ ಕೆಲವು ವರ್ಷ ಒಂದೇ ಸಮ ಇರುವುದಿಲ್ಲ. ತಿಂಗಳಿಗೆ ಎಷ್ಟು, ಎಷ್ಟು ವರ್ಷ ನೀವು ಕೈಹಿಡಿಯಬಲ್ಲಿರಿ ಎಂಬುದನ್ನು ಈಗಲೇ ಮಗಳಿಗೆ ಅಂಕಿಯಲ್ಲಿ ಹೇಳಿಬಿಡಿ, ಅವಳು ಅದಕ್ಕೆ ತಕ್ಕಂತೆ ಲೆಕ್ಕ ಹಾಕಿಕೊಳ್ಳುತ್ತಾಳೆ.